ಎದುರುಬದುರು ಎರಡು ಮನೆ, ಒಂದು ‘ಬನ್ನಿ’

ಕೊಯಮತ್ತೂರಿನ ಕಡೆ ಒಬ್ಬ ಮನುಷ್ಯನನ್ನು ಊಟಕ್ಕೆ ಕರೆಯುವುದು ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಮೊದಲು ಅವನ ಮನೆಗೆ ಹೋಗಿ ಕರೆಯಬೇಕು. ಆಮೇಲೆ ಅವನು ಬಂದಾಗ ನಮ್ಮ ಬಾಗಿಲಲ್ಲಿ ನಿಂತು, ಅವನ ಮುಖ ನೋಡಿ, ‘ಬನ್ನಿ’ ಎನ್ನಬೇಕು. ತಮಿಳರಾದರೆ ‘ವಾಂಗ’. ಮನೆಯಲ್ಲಿ ಆರು ಜನ ಇದ್ದರೆ ಆರು ಜನವೂ ಒಬ್ಬೊಬ್ಬರಾಗಿ ಬಂದು ಹೇಳಬೇಕು. ಗಂಡ ಹೇಳಿದ್ದು ಹೆಂಡತಿಯ ಬದಲಿಗೆ ಆಗುವುದಿಲ್ಲ. ಮನೆಯ ಯಜಮಾನನೇ ಇದನ್ನು ಮರೆತನೆಂದರೆ ಮೊದಲು ಕರೆದದ್ದು ತಾನಾಗಿಯೇ ರದ್ದು. ಬಂದವನು ಚಪ್ಪಲಿ ಬಿಡದೆ ವಾಪಸು ಹೋಗಬಹುದು. ಹೋದರೆ ಊರಿನಲ್ಲಿ ಯಾರೂ ಅವನನ್ನು ತಪ್ಪೆನ್ನುವುದಿಲ್ಲ.

ನಾನು ಮೈಸೂರಿನ ಕಡೆಯವನು. ನಮ್ಮಲ್ಲಿ ‘ಓ, ಬಂದ್ರಾ’ ಎಂದು ಕೇಳಿ ಮತ್ತೆ ಪೇಪರಿಗೆ ಮುಖ ಹಾಕಿದರೂ ಬಂದವರು ಕೂತು ಕಾಫಿ ಕುಡಿದೇ ಹೋಗುತ್ತಾರೆ. ಹಾಗಾಗಿ ಈ ‘ಬನ್ನಿ’ಯ ತೂಕ ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಪೀಳಮೇಡಿನ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಹನ್ನೊಂದು ವರ್ಷ ಹುಡುಗರ ಕೈಲಿ ಲೋಲಕ ತೂಗಿಸಿದೆ. ಆಗೆಲ್ಲ ಅದು ಬರೀ ಬಾಯಿಮಾತು ಎಂದುಕೊಂಡಿದ್ದೆ. ಏಳು ವರ್ಷ ಬಿಟ್ಟು, ಮೊನ್ನೆ ನಾಲ್ಕು ದಿನದ ಮಟ್ಟಿಗೆ ಹೋದಾಗ ತಿಳಿಯಿತು.

ಹೋದದ್ದು ಉಣ್ಣಲಿಕ್ಕೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ಹನ್ನೊಂದು ವರ್ಷವೂ ನಾನು ಗಣಪತಿಯಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೆ. ಗಣಪತಿ ಎಂದರೆ ಅಲ್ಲಿ ದೇವರಿಗಿಂತ ಮೊದಲು ಬಡಾವಣೆ. ಬೆಳಿಗ್ಗೆ ಏಳಕ್ಕೆ ಲೇತ್ ಮಷೀನುಗಳು ಶುರುವಾದರೆ ಸುಪ್ರಭಾತವೂ ಅದೇ, ಮಂಗಳಾರತಿಯೂ ಅದೇ. ನನ್ನ ಮನೆ ಮಾಲೀಕ ಅಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾಡುವ ಒಂದು ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದ. ಕೆಲಸ ಮಾಡುವವರು ಐದೇ ಜನವಾದರೂ ಬೀದಿಯೆಲ್ಲ ಅವನನ್ನು ಮುದಲಾಳಿ ಎನ್ನುತ್ತಿತ್ತು, ಅಂದರೆ ಧಣಿ. ಎದುರುಮನೆಯಲ್ಲಿ ಇದ್ದವನು ತಮಿಳು ಶಾಲೆಯ ಲೆಕ್ಕದ ಮೇಷ್ಟ್ರು. ಅವನು ನಿವೃತ್ತನಾಗಿ ಎಷ್ಟು ವರ್ಷವಾದರೂ ಎಲ್ಲರಿಗೂ ವಾತ್ಯಾರ್. ಇಬ್ಬರೂ ಕನ್ನಡದವರು, ಅಂದರೆ ಯಾವ ತಲೆಮಾರಿನಲ್ಲೋ ಮಗ್ಗ ಹೊತ್ತು ಆ ಕಡೆ ಹೋದ ನೇಕಾರ ಮನೆತನದವರು. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ಕನ್ನಡ ಅಕ್ಷರ ಇಬ್ಬರಿಗೂ ಬಾರದು. ನಾನು ಪ್ರತಿವರ್ಷ ಕಳಿಸುವ ಮೈಸೂರಿನ ಕ್ಯಾಲೆಂಡರನ್ನು ಇಬ್ಬರೂ ಭಕ್ತಿಯಿಂದ ಗೋಡೆಗೆ ಹಾಕಿ, ತಾರೀಕನ್ನು ಪಕ್ಕದ ತಮಿಳು ಕ್ಯಾಲೆಂಡರಿನಲ್ಲಿ ನೋಡುತ್ತಾರೆ.

ಮುದಲಾಳಿ ಫೋನಿನಲ್ಲಿ ಹೇಳಿದ್ದ: “ವರ್ಕ್‌ಶಾಪ್ ಕೊಟ್ಟುಬಿಟ್ಟೆ ಸಾರ್. ನಮ್ಮವಳ ಕಡೆ ಮಡತ್ತುಕುಳಂನಲ್ಲಿ ತೆಂಗಿನತೋಟ ಇದೆಯಲ್ಲ, ಅಲ್ಲಿಗೆ ಹೋಗ್ತಾ ಇದೀವಿ. ಸೋಮವಾರ ಲಾರಿ. ಅದರೊಳಗೆ ಬಂದು ನಾಲ್ಕು ಹೊತ್ತು ಸಾಪಾಡು ಮಾಡಿ ಹೋಗಿ.”

ಶುಕ್ರವಾರ ಬೆಳಿಗ್ಗೆ ಇಳಿದೆ. ಬಾಗಿಲಲ್ಲಿ ಮುದಲಾಳಿ ‘ಬನ್ನಿ ಸಾರ್’ ಎಂದ. ಅವನ ಹೆಂಡತಿ, ನಾನು ಅಕ್ಕ ಎನ್ನುವವಳು, ಅಡುಗೆಮನೆಯಿಂದ ಕೈ ಒರೆಸಿಕೊಂಡೇ ಬಂದು ಬೇರೆಯಾಗಿ ‘ಬನ್ನಿಂಗ’ ಎಂದಳು. ಆ ಕಡೆಯ ಮಾತಿನ ಬಾಲಕ್ಕೆ ಮರ್ಯಾದೆಯ ಒಂದು ‘ಂಗ’ ಯಾವಾಗಲೂ ನೇತಾಡುತ್ತಿರುತ್ತದೆ. ಮನೆಯ ಅರ್ಧ ಸಾಮಾನು ಆಗಲೇ ಗೋಣಿಚೀಲದಲ್ಲಿತ್ತು. ಅಡುಗೆಮನೆ ಮಾತ್ರ ಪೂರ್ತಿ ಚಾಲ್ತಿಯಲ್ಲಿತ್ತು. ತಿಂಡಿಗೆ ಸಂತಗೈ, ಬಿಸಿ ಒತ್ತುಶ್ಯಾವಿಗೆ. ಅದಕ್ಕೆ ಕಾಯಿಹಾಲು, ಬೆಲ್ಲ. ಮೂರನೆಯ ಸಲ ಬಡಿಸುವಾಗ ನಾನು ತಟ್ಟೆಗೆ ಕೈ ಅಡ್ಡ ಇಟ್ಟೆ. ಅಕ್ಕ ಕೈಯ ಮೇಲೇ ಬಡಿಸುವ ಸೂಚನೆ ಕಂಡದ್ದರಿಂದ ತೆಗೆದೆ.

ತಟ್ಟೆ ಖಾಲಿಯಾದ ಮೇಲೆ ಮುದಲಾಳಿ ವಿಷಯಕ್ಕೆ ಬಂದ.

“ಸಾರ್, ಒಂದು ಕೆಲಸ ಆಗಬೇಕು. ಎದುರುಮನೆಯವನು ಸೋಮವಾರದೊಳಗೆ ನನ್ನ ಮನೇಲಿ ಒಂದು ಹೊತ್ತು ಉಣ್ಣಬೇಕು.”

“ಇನ್ನೂ ಮುಗಿದಿಲ್ಲವೇ ಅದು?”

“ಆರು ವರ್ಷ ಆಯ್ತು. ನಾನು ಇಲ್ಲೇ ಇದ್ದಿದ್ರೆ ಇನ್ನೂ ಆರು ವರ್ಷ ಹೋಗಲಿ ಅಂತ ಬಿಡ್ತಿದ್ದೆ. ಎದುರುಮನೆ ತಾನೇ, ದಿನಾ ಮುಖ ಕಾಣುತ್ತೆ, ಜಗಳ ಆದ್ರೂ ಒಂದು ಪರಿಚಯ ಇರುತ್ತೆ. ಊರು ಬಿಟ್ಟು ಹೋದಮೇಲೆ ಇದು ಹೀಗೇ ನಿಂತುಬಿಡುತ್ತೆ ಸಾರ್. ನಮಗೂ ವಯಸ್ಸು ಅರವತ್ತೆಂಟು.”

ಜಗಳದ ಸುದ್ದಿ ನನಗೆ ಫೋನಿನಲ್ಲಿ ತುಂಡುತುಂಡಾಗಿ ಬಂದಿತ್ತು. ಮುದಲಾಳಿಯ ಮಗನ ಮದುವೆಯಲ್ಲಿ ನಡೆದದ್ದು. ಆ ಮದುವೆಗೆ ನಾನು ಹೋಗಿರಲಿಲ್ಲ, ಕಾಲು ಮುರಿದುಕೊಂಡು ಮಲಗಿದ್ದೆ. ಹೋಗಿದ್ದರೆ ಪ್ರತ್ಯಕ್ಷಸಾಕ್ಷಿಯಾಗಿ ಎರಡೂ ಕಡೆಯವರ ದ್ವೇಷ ಕಟ್ಟಿಕೊಳ್ಳುತ್ತಿದ್ದೆ. ಆ ಮಟ್ಟಿಗೆ ಮುರಿದ ಕಾಲಿಗೆ ನಾನು ಋಣಿ.

“ನೀವು ಅವನಿಗೆ ‘ಬನ್ನಿ’ ಅನ್ನಲಿಲ್ಲವಂತೆ,” ಎಂದೆ.

“ಅನ್ನಲಿಲ್ಲ. ಯಾಕೆ ಅನ್ನಬೇಕು? ಮೂರನೇ ಕ್ಲಾಸಿಂದ ಒಟ್ಟಿಗೆ ಇದೀವಿ. ನನ್ನ ಕಲ್ಯಾಣಕ್ಕೆ ಹೆಣ್ಣು ನೋಡಕ್ಕೆ ಬಂದವನು ಅವನು. ಅವನು ಈ ಮನೆಯವನು. ಮನೆಯವನಿಗೆ ಯಾರಾದ್ರೂ ‘ಬನ್ನಿ’ ಅಂತಾರಾ? ನನ್ನ ಕೈಗೆ ನಾನು ‘ಬಾ’ ಅಂತೀನಾ? ಅಂದಿದ್ರೆ ನೀನು ಹೊರಗಿನವನು ಅಂದಹಾಗೆ ಆಗ್ತಿತ್ತು.”

ವಾದ ಗಟ್ಟಿಯಾಗಿತ್ತು. ನಾನು ಎರಡನೆಯ ಲೋಟ ಕಾಫಿ ಕುಡಿದು, ರಾಯಭಾರಿಗೆ ತಕ್ಕ ಗಾಂಭೀರ್ಯದಿಂದ ಇಪ್ಪತ್ತು ಹೆಜ್ಜೆಯ ಬೀದಿ ದಾಟಿದೆ.

ವಾತ್ಯಾರ್ ಜಗಲಿಯ ಬೆತ್ತದ ಕುರ್ಚಿಯಲ್ಲಿ ತಮಿಳು ಪೇಪರಿನ ಹಿಂದೆ ಇದ್ದ. ಗೇಟಿನ ಚಿಲಕ ಸದ್ದಾದದ್ದೇ, ಪೇಪರ್ ಕೆಳಗಿಳಿಸದೆಯೇ, “ಬನ್ನಿ, ಬನ್ನಿ. ಬಿಸಿಲಲ್ಲಿ ಯಾಕೆ ನಿಂತಿದೀರಿ,” ಎಂದ. ಆಮೇಲೆ ನನ್ನನ್ನು ನೋಡಿ ಎದ್ದು ಬಂದು ಇನ್ನೊಂದು ಸಲ ಎಂದ. ಅವನು ಎಲ್ಲರಿಗೂ ಹಾಗೇ. ಗ್ಯಾಸ್ ಸಿಲಿಂಡರ್ ತರುವವನಿಗೂ, ಮತ ಕೇಳಲು ಬಂದವರಿಗೂ ಅದೇ ‘ಬನ್ನಿ’, ಅದೇ ಬಿಸಿಲು. ಅವನ ಹೆಂಡತಿಯೂ ಬಂದು ಹೇಳಿದಳು. ನಾನು ಕೂರುವ ಮೊದಲೇ ಒಂದು ಚೊಂಬು ನೀರು ಬಂತು.

“ಮೊದಲು ಕುಡಿಯಿರಿ. ಸಿರುವಾಣಿ ನೀರು. ನಿಮ್ಮ ಮೈಸೂರಲ್ಲಿ ಇದು ಎಲ್ಲಿ?” ಕೊಯಮತ್ತೂರಿನವರು ತಮ್ಮ ಕುಡಿಯುವ ನೀರನ್ನು ಮಗನ ಮಾರ್ಕ್ಸಿನ ಹಾಗೆ ಬಂದವರಿಗೆಲ್ಲ ತೋರಿಸುತ್ತಾರೆ. ಕುಡಿದು, ತಲೆದೂಗಿ, ನಾನು ಬಂದ ಕಾರಣ ಹೇಳಿದೆ.

“ಗೊತ್ತಿತ್ತು,” ಎಂದ ವಾತ್ಯಾರ್. “ನಿಮ್ಮನ್ನು ಸುಮ್ಮನೆ ಸಂತಗೈ ತಿನ್ನಿಸಕ್ಕೆ ಕರೆಸಲಿಲ್ಲ ಅವನು. ಕೇಳಿ ಸಾರ್. ಕಲ್ಯಾಣಮಂಟಪದ ಬಾಗಿಲು. ನಾನು, ನಮ್ಮವಳು. ಬೆಳಿಗ್ಗೆ ಆರಕ್ಕೇ ಹೋಗಿದೀವಿ, ಹೊಸ ವೇಷ್ಟಿ ಉಟ್ಟು. ಅವನು ಬಾಗಿಲಲ್ಲಿ ನಿಂತು ಎಲ್ಲರನ್ನೂ ಕರೀತಾ ಇದಾನೆ. ನನ್ನ ಮುಂದೆ ಇದ್ದವರಿಗೆ ‘ಬನ್ನಿ’. ನನ್ನ ಹಿಂದೆ ಇದ್ದವನು ಯಾವನೋ ಕಬ್ಬಿಣದ ಅಂಗಡಿಯವನು, ಅವನಿಗೂ ‘ಬನ್ನಿ’. ಮಧ್ಯೆ ನನ್ನ ಕೈಗೆ ಏನು ಕೊಟ್ಟ ಗೊತ್ತಾ?”

“ಏನು?”

“ಪನ್ನೀರುದಾನಿ. ‘ಸ್ವಲ್ಪ ಇದನ್ನ ಹಿಡಿ’ ಅಂದ. ಅಷ್ಟೇ.”

“ಮನೆಯವನು ಎಂದು ತಾನೇ ಕೊಟ್ಟದ್ದು?”

“ಮನೆಯವನಾದ್ರೆ ಮನೆಯವನಿಗೆ ಒಂದು ಮಾತಿಲ್ಲವಾ? ಮಾತಿಗೆ ಏನು ಬಂಡವಾಳ ಹಾಕಬೇಕಾ? ನಾನು ಆ ಪನ್ನೀರುದಾನಿ ಮೇಜಿನ ಮೇಲಿಟ್ಟು, ಬಸ್ ಹತ್ತಿ ಮನೆಗೆ ಬಂದು ಮೊಸರನ್ನ ತಿಂದೆ.”

“ಅತ್ತಿಗೆಯೂ ಜೊತೆಗೆ ಬಂದರೇ?”

ಒಳಗಿನಿಂದ ಅವನ ಹೆಂಡತಿ ಉತ್ತರ ಕೊಟ್ಟಳು. “ನಾನು ಯಾಕೆ ಬರಲಿ? ನನ್ನನ್ನ ಅಕ್ಕ ಕೈಹಿಡಿದು ಕರೆದಳು. ನಾನು ಮೂರು ಪಂಕ್ತಿಗೂ ಬಡಿಸಿ, ನಾಲ್ಕನೇದ್ರಲ್ಲಿ ಕೂತು ಉಂಡು, ಸಾಯಂಕಾಲ ಬಂದೆ.”

ಈ ಜಗಳದ ವಿಶೇಷವೇ ಇದು. ಇದು ಬರೀ ಗಂಡಸರದ್ದು. ಹೆಂಗಸರಿಗೆ ಇದನ್ನು ತಗುಲಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಆರು ವರ್ಷವೂ ಆ ಮನೆಯ ಹುರುಳಿಚಟ್ನಿ ಈ ಮನೆಗೆ, ಈ ಮನೆಯ ನಿಂಬೆಕಾಯಿ ಉಪ್ಪಿನಕಾಯಿ ಆ ಮನೆಗೆ ಬೀದಿ ದಾಟುತ್ತಲೇ ಇದ್ದವು. ವಾತ್ಯಾರ್ ಅದನ್ನೆಲ್ಲ ತನ್ನ ಮನೆಯ ತಟ್ಟೆಯಲ್ಲಿ ಹಾಕಿಕೊಂಡು ಉಂಡಿದ್ದಾನೆ. ಅವನ ತತ್ತ್ವ ಹೊಸಲಿಗೆ ಸಂಬಂಧಿಸಿದ್ದು. ಚಟ್ನಿಯ ವಿಷಯದಲ್ಲಿ ಅವನಿಗೆ ಯಾವ ಆಕ್ಷೇಪಣೆಯೂ ಇರಲಿಲ್ಲ.

“ಈಗ ಅವನು ಬಾಗಿಲಲ್ಲಿ ನಿಂತು ‘ಬನ್ನಿ’ ಎಂದರೆ ಹೋಗುತ್ತೀರಾ?” ಎಂದು ಕೇಳಿದೆ.

“ಆ ಕ್ಷಣ ಹೋಗ್ತೀನಿ.”

ನಾನು ಗೆದ್ದೆನೆಂದೇ ಎಣಿಸಿ ಬೀದಿ ದಾಟಿದೆ. ಮುದಲಾಳಿ ಅಷ್ಟೇ ಸಮಾಧಾನದಿಂದ, “ಅದೊಂದು ಬಿಟ್ಟು ಏನು ಬೇಕಾದ್ರೂ ಕೇಳಿ,” ಎಂದ. “ಈಗ ‘ಬನ್ನಿ’ ಅಂದ್ರೆ ಅವತ್ತು ನಾನು ತಪ್ಪು ಮಾಡಿದೆ ಅಂತ ಆಗುತ್ತೆ. ನಾನು ಮಾಡಲಿಲ್ಲ. ಅವನನ್ನು ನನ್ನವನು ಅಂದ್ಕೊಂಡಿದ್ದು ತಪ್ಪಾ ಸಾರ್?”

ಶುಕ್ರವಾರ, ಶನಿವಾರಗಳಲ್ಲಿ ನಾನು ಆ ಇಪ್ಪತ್ತು ಹೆಜ್ಜೆಯನ್ನು ಒಂಬತ್ತು ಸಲ ದಾಟಿರಬೇಕು. ಮುದಲಾಳಿ ತನ್ನ ಪಕ್ಷ ಗಟ್ಟಿ ಮಾಡಲು ಉಣಿಸುತ್ತಿದ್ದ. ವಾತ್ಯಾರ್ ಅದನ್ನು ಸಡಿಲ ಮಾಡಲು ಉಣಿಸುತ್ತಿದ್ದ. ಅಲ್ಲಿ ನಮ್ಮ ಪಡ್ಡಿನಂಥ ಕುಳಿಪಣಿಯಾರ ಮಾಡಿದರೆ ಇಲ್ಲಿ ಎಳನೀರು ಪಾಯಸ. ಇಷ್ಟು ಮುತುವರ್ಜಿಯಿಂದ ನಡೆಸಿಕೊಂಡ ರಾಯಭಾರಿ ಚರಿತ್ರೆಯಲ್ಲಿ ವಿರಳ. ಇಷ್ಟು ನಿಷ್ಪ್ರಯೋಜಕನಾದವನೂ ವಿರಳ. ಸಂಧಾನ ಬೇಗ ಮುಗಿದರೆ ಪಾಯಸಕ್ಕೆ ಏನಾದೀತು ಎಂಬ ಯೋಚನೆ ಒಮ್ಮೆ ಬಂದದ್ದು ನಿಜ. ಅದನ್ನು ಕೂಡಲೇ ಅದುಮಿದೆ.

ಶನಿವಾರ ಮಧ್ಯಾಹ್ನ ಹೊಟ್ಟೆಗೆ ವಿರಾಮ ಕೊಡಲೆಂದು ಪೀಳಮೇಡಿಗೆ ಹೋದೆ. ನನ್ನ ಹಳೆಯ ಕಾಲೇಜಿನ ಎದುರು ಈಗ ಗಾಜಿನ ಐಟಿ ಕಟ್ಟಡಗಳು. ಪುಣ್ಯಕ್ಕೆ ನಾನು ದಿನಾ ಟೀ ಕುಡಿಯುತ್ತಿದ್ದ ಬೇಕರಿ ಹಾಗೇ ಇತ್ತು. ವಿರಾಮ ಅಲ್ಲಿಗೆ ಮುಗಿಯಿತು: ಕಾಯಿತುರಿ ತುಂಬಿದ ಒಂದು ತೇಂಗಾಯ್ ಬನ್, ಒಂದು ಟೀ. ಪಕ್ಕದ ತಳ್ಳುಗಾಡಿಯಲ್ಲಿ ಕಾಳಾನ್ ಸಿಕ್ಕಿತು. ಕಾಳಾನ್ ಎಂದರೆ ಅಣಬೆ. ಅಣಬೆಯ ಹೆಸರಿನಲ್ಲಿ ಎಲೆಕೋಸನ್ನು ಕರಿದು, ಮಸಾಲೆಯಲ್ಲಿ ಬೇಯಿಸಿ, ಕೊತ್ತಂಬರಿ ಸೊಪ್ಪು ಉದುರಿಸಿ ಕೊಡುವುದು ಅಲ್ಲಿಯ ಸಂಜೆಯ ಕಲೆ. ಅಣಬೆ ಎಲ್ಲಿ ಎಂದು ಹುಡುಕುವಷ್ಟರಲ್ಲಿ ದೊನ್ನೆ ಖಾಲಿಯಾಗುತ್ತದೆ. ನಾನು ಹನ್ನೊಂದು ವರ್ಷ ಹುಡುಕಿದವನು, ಈ ಸಲವೂ ಹುಡುಕಿದೆ.

ಸಂಜೆ ವಳ್ಳಿ ಕುಮ್ಮಿ ಇತ್ತು. ಇದು ನಾನಿದ್ದಾಗ ಇಷ್ಟು ಜೋರಾಗಿರಲಿಲ್ಲ. ಈಗ ಕೊಯಮತ್ತೂರು, ತಿರುಪ್ಪೂರು ಕಡೆ ಬಡಾವಣೆಗೊಂದು ತಂಡ. ಮುರುಗ ವಳ್ಳಿಯನ್ನು ಮದುವೆಯಾದ ಕಥೆಯನ್ನು ಒಬ್ಬರು ಹಾಡುತ್ತಾರೆ, ನೂರಾರು ಹೆಂಗಸರು ಒಂದೇ ಬಣ್ಣದ ಸೀರೆಯುಟ್ಟು ಸುತ್ತುಗಟ್ಟಿ ಚಪ್ಪಾಳೆ ಹಾಕಿ ಕುಣಿಯುತ್ತಾರೆ. ಅಕ್ಕನೂ ವಾತ್ಯಾರ್ ಹೆಂಡತಿಯೂ ಮೂರು ತಿಂಗಳು ಕಲಿತು, ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು, ಅವತ್ತು ಮೊದಲ ಸಲ ಮೈದಾನಕ್ಕೆ ಇಳಿಯುವವರಿದ್ದರು. ಗಂಡಂದಿರು ನೋಡಲೇಬೇಕೆಂದು ಎರಡೂ ಮನೆಯಲ್ಲಿ ಆಜ್ಞೆಯಾಗಿತ್ತು.

ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ನಾನು ನಡುವೆ, ಎಡಕ್ಕೆ ಮುದಲಾಳಿ, ಬಲಕ್ಕೆ ವಾತ್ಯಾರ್. ಹೆಂಗಸರು ಕುಣಿಯತೊಡಗಿದರು. ಇಬ್ಬರೂ ಗೆಳತಿಯರು ಒಬ್ಬರ ಹಿಂದೊಬ್ಬರು, ನೇರಳೆ ಸೀರೆಯಲ್ಲಿ, ಪರೀಕ್ಷೆಗೆ ಕೂತವರ ಮುಖಮಾಡಿ ಹೆಜ್ಜೆ ಹಾಕುತ್ತಿದ್ದರು.

“ಸಾರ್,” ಎಂದ ಮುದಲಾಳಿ, “ಎರಡನೇ ಸಾಲಲ್ಲಿ ಒಬ್ಬರು ಚೆನ್ನಾಗಿ ಕುಣಿತಾ ಇದಾರೆ. ಗಂಡ ಲೆಕ್ಕದ ವಾತ್ಯಾರಾದ್ರೂ ಹೆಂಡತಿಗೆ ತಾಳದ ಲೆಕ್ಕ ಬರುತ್ತೆ ಅಂತ ಹೇಳಿ.”

“ಸಾರ್,” ಎಂದ ವಾತ್ಯಾರ್, “ಅವರ ಹಿಂದೆ ಇರೋರು ಅದಕ್ಕಿಂತ ಚೆನ್ನಾಗಿ ಕುಣಿತಾರೆ. ಪಾಪ, ಸೋಮವಾರ ಅವರನ್ನ ಯಾವುದೋ ತೋಟಕ್ಕೆ ಕರಕೊಂಡು ಹೋಗ್ತಾರಂತೆ. ಅಲ್ಲಿ ನೀರು ಉಪ್ಪು ಅಂತ ಹೇಳಿ.”

“ಉಪ್ಪಲ್ಲ. ಅಮರಾವತಿ ಹೊಳೆ ನೀರು ಅಂತ ಹೇಳಿ.”

“ಸಿರುವಾಣಿ ಕುಡಿದವನಿಗೆ ಎಲ್ಲಾ ಉಪ್ಪೇ ಅಂತ ಹೇಳಿ.”

ನಾನು ಏನನ್ನೂ ಹೇಳಲಿಲ್ಲ. ಅಗತ್ಯವಿರಲಿಲ್ಲ, ಇಬ್ಬರ ನಡುವೆ ಇದ್ದದ್ದು ನನ್ನ ಹೊಟ್ಟೆಯಷ್ಟೇ ಅಗಲ. ಟೆಲಿಫೋನ್ ಕಂಬದ ಹಾಗೆ ನೇರ ಮುಂದೆ ನೋಡುತ್ತ ಕೂತಿದ್ದೆ. ಹಾಡು ಬದಲಾಯಿತು, ಸುತ್ತು ತಿರುಗಿತು. ಸ್ವಲ್ಪ ಹೊತ್ತಾದ ಮೇಲೆ ವಾತ್ಯಾರ್, “ಆ ಊರಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಅಂತ ಕೇಳಿ,” ಎಂದ.

“ಎರಡೂವರೆ ಗಂಟೆ ಅಂತ ಹೇಳಿ. ಉಡುಮಲೈಯಲ್ಲಿ ಇಳಿದು ಹತ್ತಬೇಕು.”

ವಾತ್ಯಾರ್ ಅದನ್ನು ಮನಸ್ಸಿನಲ್ಲೇ ಕೂಡಿ ಕಳೆದ ಹಾಗೆ ಕಂಡಿತು. “ಅಷ್ಟು ದೂರ ಯಾಕೆ ಹೋಗಬೇಕು,” ಎಂದ. ಇದಕ್ಕೆ ‘ಅಂತ ಕೇಳಿ’ ಎಂಬ ಬಾಲ ಇರಲಿಲ್ಲ. ಇಬ್ಬರೂ ತಮ್ಮ ತಮ್ಮ ಹೆಂಡತಿಯರನ್ನು ಬಹಳ ಗಮನವಿಟ್ಟು ನೋಡಿದರು.

ಭಾನುವಾರ ಉಳಿದ ಕೊನೆಯ ದಿನ. ಅಕ್ಕ ಆ ಮನೆಯ ಕೊನೆಯ ಊಟವೆಂದು ಅರಿಸಿಂಪರುಪ್ಪು ಇಟ್ಟಿದ್ದಳು. ಅಕ್ಕಿ, ತೊಗರಿಬೇಳೆ, ಬೆಳ್ಳುಳ್ಳಿ ಒಟ್ಟಿಗೆ ಬೆಂದು ಮೇಲೆ ತುಪ್ಪ ಬೀಳುವ ಅನ್ನ. ಎಲೆ ಐದು ಹಾಕುವುದೋ ಮೂರೋ ಎಂದು ಬೆಳಿಗ್ಗೆಯೇ ಕೇಳಿದಳು. ಮುದಲಾಳಿ ಗೋಣಿಚೀಲದ ಬಾಯಿ ಹೊಲಿಯುತ್ತ ಕೂತಿದ್ದ. ನಾನು ಕೊನೆಯ ಪ್ರಯತ್ನಕ್ಕೆಂದು ಬೀದಿ ದಾಟಿದೆ.

ಕೊನೆಯ ಪ್ರಯತ್ನ ಫಲಿಸಲಿಲ್ಲ, ಏಕೆಂದರೆ ವಾತ್ಯಾರ್ ಮನೆಯಲ್ಲಿ ಉದ್ದಿನ ಕಳಿ ಮಾಡಿದ್ದರು. ಎಳ್ಳೆಣ್ಣೆ, ಕರುಪಟ್ಟಿ ಎಂಬ ತಾಳೆಬೆಲ್ಲ ಹಾಕಿ ತಿರುವಿದ ಆ ಪದಾರ್ಥ ತಿಂದವನು ವಾದ ಮಾಡಲಾರ. ಜಗಲಿಯ ಮಂಚದಲ್ಲಿ ಒರಗಿದೆ, ಒರಗಿದ್ದು ನಿದ್ದೆಯಾಯಿತು. ಫೋನು ಎದುರುಮನೆಯಲ್ಲೇ ಬಿಟ್ಟಿದ್ದೆ. ಊಟದ ಹೊತ್ತು ಮೀರಿತು.

ಗೇಟಿನ ಚಿಲಕದ ಸದ್ದಿಗೆ ಎಚ್ಚರವಾಯಿತು. ಕಣ್ಣು ಬಿಡುವಷ್ಟರಲ್ಲಿ ಪಕ್ಕದ ಕುರ್ಚಿಯಲ್ಲಿ ಪೇಪರಿನ ಹಿಂದಿನಿಂದ ಮಾತು ಹೊರಟುಹೋಗಿತ್ತು. “ಬನ್ನಿ, ಬನ್ನಿ. ಬಿಸಿಲಲ್ಲಿ ಯಾಕೆ ನಿಂತಿದೀರಿ.”

ಗೇಟಿನಲ್ಲಿ ಮುದಲಾಳಿ. ಲುಂಗಿ ಎತ್ತಿ ಕಟ್ಟಿ, ತಲೆಯ ಮೇಲೆ ಗೋಣಿನಾರು, ಚಿಲಕದ ಮೇಲೆ ಕೈ. ನನ್ನನ್ನು ಊಟಕ್ಕೆ ಎಬ್ಬಿಸಲು ಬಂದವನು. ಬೀದಿಯಿಂದಲೇ ಕೂಗಿದರೆ ನೆರೆಯವರು ನಗುತ್ತಾರೆಂದು ಗೇಟಿನವರೆಗೆ ಬಂದಿದ್ದ.

ಪೇಪರ್ ಕೆಳಗೆ ಇಳಿಯಿತು.

“ನನಗಾ?” ಎಂದ ಮುದಲಾಳಿ.

“ಗೇಟಲ್ಲಿ ನಿಂತವರಿಗೆ.”

“ನಿಂತಿರೋದು ನಾನು.”

“ಹಾಗಾದ್ರೆ ನಿನಗೇ. ಅಂದದ್ದನ್ನ ವಾಪಸ್ ತಗೊಳ್ಳಕ್ಕೆ ಆಗುತ್ತಾ?”

ಮುದಲಾಳಿ ಒಳಗೆ ಬಂದ. ಜಗಲಿಯ ತುದಿಯಲ್ಲಿ ಕೂತ. ವಾತ್ಯಾರ್ ಹೆಂಡತಿ ಓಡಿಬಂದು ‘ಬನ್ನಿಂಗಣ್ಣ’ ಎಂದು, ನೀರಿನ ಚೊಂಬು ಕೊಟ್ಟಳು. ಅವನು ತುಟಿಗೆ ತಾಗಿಸದೆ ಎತ್ತಿ ಕುಡಿದ, ಅರ್ಧ ಚೊಂಬು ಒಂದೇ ಸಲಕ್ಕೆ. ಬಾಯಿ ಒರೆಸಿಕೊಂಡ. ನಾನು ನಿದ್ದೆ ಬಂದವನ ಹಾಗೆಯೇ ಮಲಗಿದ್ದೆ. ರಾಯಭಾರಿಗೆ ಅದಕ್ಕಿಂತ ಉತ್ತಮ ಭಂಗಿಯಿಲ್ಲ.

“ವಾತ್ಯಾರೆ,” ಎಂದ ಮುದಲಾಳಿ ಚೊಂಬು ನೋಡುತ್ತ. “ಬೀದಿ ದಾಟಿದಾಗ ಏನೂ ಅನ್ನಿಸಲಿಲ್ಲ. ಚಿಲಕಕ್ಕೆ ಕೈ ಹಾಕಿದೆ ನೋಡು, ಕಾಲು ನಿಂತುಹೋಯ್ತು. ನೀನು ನೋಡಿ ಸುಮ್ಮನಿದ್ದುಬಿಟ್ರೆ ಹೇಗೆ ವಾಪಸ್ ಹೋಗೋದು ಅಂತ. ಆಮೇಲೆ ಆ ಮಾತು ಕೇಳಿಸ್ತು.” ಚೊಂಬು ಕೆಳಗಿಟ್ಟು, “ಕೇಳಕ್ಕೆ ಚೆನ್ನಾಗೇ ಇರುತ್ತೆ,” ಎಂದ.

“ಅದನ್ನೇ ನಾನು ಆರು ವರ್ಷದಿಂದ ಹೇಳ್ತಾ ಇರೋದು.”

“ನೀನೆಲ್ಲಿ ಹೇಳಿದೆ? ನೀನು ಮಾತೇ ಆಡಲಿಲ್ಲ.”

ಲೆಕ್ಕದ ವಾತ್ಯಾರ್ ಪೇಪರನ್ನು ನಾಲ್ಕಾಗಿ ಮಡಚಿದ. ಮುದಲಾಳಿ ಎದ್ದ. “ಹತ್ತು ನಿಮಿಷ ಬಿಟ್ಟು ಬಾ. ಮೊದಲೇ ಬರಬೇಡ,” ಎಂದು ಹೇಳಿ, ನನ್ನ ಕಡೆ ನೋಡಿ, “ಎದ್ದಿದೀರಿ ಅಂತ ಗೊತ್ತು ಸಾರ್,” ಎಂದು ಹೋದ.

ಹತ್ತು ನಿಮಿಷದಲ್ಲಿ ವಾತ್ಯಾರ್ ಇಪ್ಪತ್ತು ಹೆಜ್ಜೆಯ ಪ್ರಯಾಣಕ್ಕೆ ಇಸ್ತ್ರಿ ಶರಟು ಹಾಕಿಕೊಂಡ, ವಿಭೂತಿ ಹಚ್ಚಿಕೊಂಡ, ಗೋಡೆಗಡಿಯಾರ ನೋಡಿದ, ಇನ್ನೂ ಮೂರು ನಿಮಿಷ ಇದೆಯೆಂದು ಕೂತ. ಎದುರುಮನೆಯಲ್ಲೂ ತಯಾರಿ ನಡೆದಿತ್ತು. ನಾವು ಬೀದಿಗಿಳಿದಾಗ ಮುದಲಾಳಿ ಲುಂಗಿ ಬಿಟ್ಟು ಬಿಳಿ ವೇಷ್ಟಿ ಉಟ್ಟು, ತಲೆ ಬಾಚಿ, ಹೆಂಡತಿಯೊಂದಿಗೆ ಬಾಗಿಲಲ್ಲಿ ನಿಂತಿದ್ದ. ಅವರ ಎರಡೂ ಪಕ್ಕದಲ್ಲಿ ಗೋಣಿಚೀಲಗಳು, ಬೀರುವಿನ ಕಾಲು, ಮಡಚಿದ ಹಾಸಿಗೆ.

“ಬನ್ನಿ,” ಎಂದ ಮುದಲಾಳಿ. ಆಮೇಲೆ ಇನ್ನೊಂದು ಸಲ, “ಬನ್ನಿ ವಾತ್ಯಾರೆ. ಊಟಕ್ಕೆ ಬನ್ನಿ.”

ವಾತ್ಯಾರ್ ಹೊಸಲಿನ ಹೊರಗೆ ನಿಂತು ಅದನ್ನು ಪೂರ್ತಿ ಕೇಳಿದ. “ನನಗೆ ‘ಬಾ’ ಅಂದ್ರೆ ಸಾಕಪ್ಪ,” ಎಂದ. ಆರು ವರ್ಷ ಕಾದವನು ಕೊನೆಯ ಗಳಿಗೆಯಲ್ಲಿ ರಿಯಾಯಿತಿ ಕೊಟ್ಟುಬಿಟ್ಟ. ಅಕ್ಕ ಬೇರೆಯಾಗಿ ‘ಬನ್ನಿಂಗ’ ಎಂದಳು. ಅವನು ಚಪ್ಪಲಿ ಬಿಟ್ಟ. ಮುದಲಾಳಿ ಅವನ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದ. ವಾತ್ಯಾರ್ ಹೆಂಡತಿಯನ್ನು ಅಕ್ಕ ಕೈಹಿಡಿದು ಕರೆದಳು. ನಾಲ್ವರೂ ಒಳಗೆ ಹೋದರು.

ಬಾಗಿಲಲ್ಲಿ ನಾನೊಬ್ಬನೇ ಉಳಿದೆ. ನನಗೆ ಯಾರೂ ‘ಬನ್ನಿ’ ಎನ್ನಲಿಲ್ಲ.

ಮೂರು ದಿನದಿಂದ ಆ ಬಾಗಿಲಲ್ಲಿ ಲೆಕ್ಕವಿಲ್ಲದಷ್ಟು ಸಲ ಹೋಗಿಬಂದಿದ್ದೇನೆ, ಹನ್ನೊಂದು ವರ್ಷ ಅದೇ ಮನೆಯ ಮಹಡಿಯಲ್ಲಿ ಬದುಕಿದ್ದೇನೆ. ಮೈಸೂರಿನವನಿಗೆ ಇದೆಲ್ಲ ಏನು. ಆದರೂ ಒಂದು ಚಪ್ಪಲಿ ಬಿಟ್ಟು ಇನ್ನೊಂದರಲ್ಲಿ ಕಾಲಿಟ್ಟುಕೊಂಡು ನಿಂತೇ ಇದ್ದೆ. ನನ್ನನ್ನು ಮನೆಯವನೆಂದು ತಿಳಿದರೋ, ಮರೆತೇ ಬಿಟ್ಟರೋ? ಎರಡರಲ್ಲಿ ಯಾವುದೆಂದು ಹೊರಗಿನಿಂದ ನೋಡಿದರೆ ಹೇಳಲಾಗುವುದಿಲ್ಲ ಎಂಬುದು ನನಗೆ ಆಗ ತಿಳಿಯಿತು. ಒಳಗೆ ಎಲೆ ಹಾಸುವ ಸದ್ದು, ತುಪ್ಪದ ವಾಸನೆ. “ಉಪ್ಪು ಕಡಿಮೆ,” ಎಂದು ವಾತ್ಯಾರ್ ಹೇಳಿದ್ದು ಕೇಳಿಸಿತು. “ನಿನಗೆ ಯಾವತ್ತು ಸರಿ ಇತ್ತು,” ಎಂದು ಮುದಲಾಳಿ. ಆಮೇಲೆ ಉಡುಮಲೈಯಲ್ಲಿ ಯಾವ ಬಸ್ ಹತ್ತಬೇಕು, ಬೆಳಿಗ್ಗೆ ಎಷ್ಟಕ್ಕೆ ಹೊರಟರೆ ಊಟದ ಹೊತ್ತಿಗೆ ಮಡತ್ತುಕುಳಂ ಮುಟ್ಟಬಹುದು ಎಂಬ ಮಾತು ಶುರುವಾಯಿತು. ನಡುವೆ ಯಾರ ಬಾಯಲ್ಲೂ ‘ಅಂತ ಹೇಳಿ’ ಇರಲಿಲ್ಲ.

ಎರಡನೆಯ ಚಪ್ಪಲಿಯನ್ನೂ ಬಿಟ್ಟು, ಕರೆಯದೆಯೇ ಒಳಗೆ ಹೋದೆ. ಐದನೆಯ ಎಲೆಯಲ್ಲಿ ಅನ್ನ ಆಗಲೇ ಬಡಿಸಿತ್ತು.

“ಎಲ್ಲಿ ಹೋಗಿದ್ರಿ ಸಾರ್, ಆರಿಹೋಗ್ತಾ ಇದೆ,” ಎಂದಳು ಅಕ್ಕ.

ಬೀದಿ ನೋಡುತ್ತಿದ್ದೆ ಎಂದೆ.